ಹಸುವಿನ ಕೋಡು ಬೆಚ್ಚಗಾದದ್ದು

ಲೋಕಕ್ಕೆ ಇನ್ನೂ ಹಾಲುಹಲ್ಲು ಬರುತ್ತಿದ್ದ ಕಾಲ. ಬೆಟ್ಟಗಳು ಆಗತಾನೇ ಕೂತಿದ್ದವು, ಇನ್ನೂ ಕಾಲು ನೀಡಿರಲಿಲ್ಲ. ಹೊಳೆ ಎತ್ತ ಹೋಗಲಿ ಎಂದು ಸಿಕ್ಕಿದವರನ್ನೆಲ್ಲ ಕೇಳುತ್ತಿತ್ತು. ಗಾಳಿ ಮಾತಾಡುತ್ತಿತ್ತು. ಎರೆಹುಳ ಮಾತಾಡುತ್ತಿತ್ತು. ಹಸುವಂತೂ ಕೇಳಲೇ ಬೇಡ, ಮಗು.

ಆಗ ಹಸುವಿನ ಕೋಡು ಒಳಗೂ ಹೊರಗೂ ಒಂದೇ. ಗಟ್ಟಿ ಕಲ್ಲು. ಮುಟ್ಟಿದರೆ ತಣ್ಣಗೆ. ಅದರ ಭಾರಕ್ಕೆ ಹಸುಗಳು ತಲೆ ತಗ್ಗಿಸಿಯೇ ನಡೆಯುತ್ತಿದ್ದವು.

ಹೊಳೆಯ ಈಚೆ ದಡದಲ್ಲಿ ದ್ಯಾವಣ್ಣ ಅಂತ ಒಬ್ಬ ಇದ್ದ. ಅವನ ಹೆಂಡತಿ ಸಾಕವ್ವ. ಅವರ ಹಸು ಕೌಲಿ. ದ್ಯಾವಣ್ಣನದು ಹೊಲದ ಆ ತುದಿ. ಉಳುವುದು, ಬೇಲಿ ಕಟ್ಟುವುದು, ಕಲ್ಲು ಆಯುವುದು. ಸಾಕವ್ವನದು ಈ ತುದಿ. ಕೊಟ್ಟಿಗೆ, ಗೊಬ್ಬರ, ಬೀಜ. ನಡುವೆ ಒಂದು ಹೊಂಗೆ ಮರ. ಮಧ್ಯಾಹ್ನ ಇಬ್ಬರೂ ಅದರ ಕೆಳಗೆ ಬಂದು ಉಣ್ಣುತ್ತಿದ್ದರು. ಹೆಚ್ಚು ಮಾತಿಲ್ಲ. ಉಂಡು, ನೀರು ಕುಡಿದು, ಅವನು ಆಚೆ, ಅವಳು ಈಚೆ.

ಲೋಕ ಹೊಸದು ನೋಡು. ಅವರೆಕಾಳು ಇನ್ನೂ ಒಂದೇ ಮನೆಯಲ್ಲಿತ್ತು. ಸಾಕವ್ವನ ಮನೆಯಲ್ಲಿ. ಮಂಜು ಬೀಳುವ ಕಾಲ ಬಂದರೆ ಅವರೆ ಸೊಗಡು ಹೊಳೆ ದಾಟಿ ಹೋಗುತ್ತಿತ್ತು. ಆಚೆ ದಡದವರು ಮೂಗು ಎತ್ತಿಕೊಂಡು ಬರುತ್ತಿದ್ದರು.

ಸಾಕವ್ವ ನೆನೆಸಿದ ಕಾಳನ್ನು ಹಿತಕುತ್ತ ಕೂರುತ್ತಿದ್ದಳು. ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ, ಕಾಳು ಪಾತ್ರೆಯಲ್ಲಿ. ಒಮ್ಮೊಮ್ಮೆ ಕಾಳು ಹಾರಿ ದ್ಯಾವಣ್ಣನ ಮೂಗಿಗೆ.

"ಬೇಕಂತಲೇ ಮಾಡ್ತೀಯ."

"ಇಷ್ಟು ದೊಡ್ಡ ಮೂಗು ದಾರಿಯಲ್ಲಿದ್ದರೆ ಕಾಳು ತಾನೇ ಎಲ್ಲಿ ಹೋಗಬೇಕು?"

ಹಾಗೆ ಇದ್ದರು.

ಒಂದು ಮಳೆಗಾಲ ಸಾಕವ್ವನಿಗೆ ಜ್ವರ ಬಂತು. ಮಲಗಿದಳು. ಏಳಲಿಲ್ಲ.

ಆ ವರ್ಷ ದ್ಯಾವಣ್ಣ ಹೊಲದ ಕಡೆ ತಿರುಗಿ ನೋಡಲಿಲ್ಲ. ಬಳ್ಳಿಯನ್ನು ದನ ಮೇಯ್ದವು, ಉಳಿದದ್ದನ್ನು ಬಿಸಿಲು ತಿಂದಿತು. ಕೊನೆಗೆ ಮಿಕ್ಕಿದ್ದು ಹಿಂದಿನ ವರ್ಷ ಸಾಕವ್ವ ಬೂದಿ ಬೆರೆಸಿ ಮಡಕೆಯಲ್ಲಿ ಇಟ್ಟ ಬೀಜ ಮಾತ್ರ. ಎರಡು ಬೊಗಸೆ. ಇಡೀ ಲೋಕದ ಅವರೆ ಅಷ್ಟೇ.

ಮುಂದಿನ ಮಳೆ ಬಿದ್ದಾಗ ಆಚೆ ದಡದಿಂದ ಸಾಕವ್ವನ ತಂಗಿ ಸಣ್ಣವ್ವ ಬಂದಳು. ಬಂದವಳೇ ಮಡಕೆ ನೋಡಿದಳು.

"ಭಾವ, ಬೀಜ ನನಗೆ ಕೊಡು. ಅಕ್ಕನ ಕೈಗುಣ ನನಗಿಲ್ಲ. ಆದರೂ ನಿನಗಿಂತ ವಾಸಿ."

"ನಾನೇ ಹಾಕ್ತೀನಿ."

"ನಿನಗೇನು ಗೊತ್ತು? ಅಕ್ಕ ಗೊಬ್ಬರ ಹೇಗೆ ಮಾಡ್ತಿದ್ದಳು, ಹೇಳು ನೋಡೋಣ."

ದ್ಯಾವಣ್ಣ ಯೋಚಿಸಿದ. "ಸಗಣಿ ಹಾಕ್ತಿದ್ದಳು."

"ಸಗಣಿ ನಾನೂ ಹಾಕ್ತೀನಿ. ನಮ್ಮಲ್ಲಿ ಏನು ಹಾಕಿದರೂ ಹುಳ ಬೀಳುತ್ತೆ."

"ನಾನೇ ಹಾಕ್ತೀನಿ," ಅಂದ ದ್ಯಾವಣ್ಣ. ಬೀಜ ಕೈಬಿಟ್ಟರೆ ಸಾಕವ್ವನನ್ನೇ ಕೈಬಿಟ್ಟ ಹಾಗೆ ಅನ್ನಿಸಿತ್ತು ಅವನಿಗೆ. ಸಣ್ಣವ್ವ ಸೆರಗು ಕೊಡವಿಕೊಂಡು ಹೋದಳು.

ಒಂದು ಬೊಗಸೆ ಬೀಜ ಹಾಕಿದ. ನೆಂಟರಿಗೆ ಬಡಿಸಿದ ಹಾಗೆ ಬುಡಬುಡಕ್ಕೂ ಹಸಿ ಸಗಣಿ ಬಡಿಸಿದ. ಸಾಕು ಅನ್ನುವವರಿಲ್ಲ. ಇನ್ನಷ್ಟು ಬಡಿಸಿದ.

ಬಳ್ಳಿ ಎದ್ದಿತು. ಹಬ್ಬಿತು. ಮಾಡಿನ ಮೇಲೆ ಹತ್ತಿತು. ಎಲೆ ಅಂದರೆ ಎಲೆ, ಅಂಗೈಗಿಂತ ಅಗಲ, ಕಪ್ಪು ಹಸಿರು. ಹೂವಿಲ್ಲ. ಆಮೇಲೆ ಕುಡಿಗೆ ಕರೀ ಹೇನು ಕೂತವು. ಎಲೆ ಹಳದಿಯಾಯಿತು, ಬುಡ ಕೊಳೆಯಿತು. ಮಂಜು ಬೀಳುವ ಕಾಲ ಬಂತು. ಸೊಗಡು ಬರಲಿಲ್ಲ.

ಹೊಳೆ ದಾಟಿ ಏನೂ ಬರದಿದ್ದಾಗ ಸಣ್ಣವ್ವನೇ ಬಂದಳು. ಒಣಗಿದ ಬಳ್ಳಿ ನೋಡಿದಳು. ಬೈಯಲಿಲ್ಲ. ಅದೇ ದ್ಯಾವಣ್ಣನಿಗೆ ಹೆಚ್ಚು ನೋವಾದದ್ದು.

"ಇನ್ನೊಂದು ಬೊಗಸೆ ಇದೆಯಲ್ಲ ಭಾವ. ಅದನ್ನಾದರೂ ಕೇಳಿ ತಿಳ್ಕೊಂಡು ಹಾಕು."

"ಯಾರನ್ನು ಕೇಳಲಿ?"

"ಅಕ್ಕ ದಿನವೆಲ್ಲ ಮಾತಾಡ್ತಿದ್ದಳಲ್ಲ, ಅವರನ್ನ. ನಿನ್ನ ಜೊತೆಯಂತೂ ಆಡ್ತಿರಲಿಲ್ಲ."

ದ್ಯಾವಣ್ಣ ಮೊದಲು ಗಾಳಿಯ ಹತ್ತಿರ ಹೋದ.

"ಗಾಳಿ, ಸಾಕವ್ವ ಏನು ಮಾಡ್ತಿದ್ದಳು? ನಾನು ಆ ತುದಿಯಲ್ಲಿದ್ದೆ. ನೋಡಲಿಲ್ಲ."

ಗಾಳಿ ಹೊಂಗೆ ಮರದಿಂದ ಇಳಿಯಿತು. "ನೀರಿನ ಗುಡಾಣಕ್ಕೆ ಏನೋ ಒಂದು ಚಿಟಿಕೆ ಹಾಕಿ ಕೋಲಲ್ಲಿ ತಿರುಗಿಸ್ತಿದ್ದಳು. ಬಲಕ್ಕೆ ತಿರುಗಿಸಿ ತಿರುಗಿಸಿ ನಡುವೆ ಗುಂಡಿ ಬೀಳಬೇಕು. ಏನಿದೆ ಒಳಗೆ ಅಂತ ನಾನು ಇಣುಕೋ ಹೊತ್ತಿಗೆ ಎಡಕ್ಕೆ ತಿರುಗಿಸಿಬಿಡೋಳು. ಗುಂಡಿ ಒಡೆದು ನೊರೆ. ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ."

"ಚಿಟಿಕೆ ಅಂದೆಯಲ್ಲ, ಏನದು?"

"ಮೂಗು ತುಂಬ ನೀರು ತುಂಬಿರುವಾಗ ಏನು ಕಾಣುತ್ತಯ್ಯಾ?" ಅಂತ ಗಾಳಿ ಸೀನಿಕೊಂಡು ಹೋಯಿತು.

ಸಂಜೆ ಚಂದ್ರ ಬಂದ.

"ಚಂದಮಾವ, ಸಾಕವ್ವ ಏನು ಮಾಡ್ತಿದ್ದಳು? ನಾನು ಆ ತುದಿಯಲ್ಲಿದ್ದೆ. ನೋಡಲಿಲ್ಲ."

"ನೀನು ಯಾವತ್ತು ತಲೆ ಎತ್ತಿದ್ದೀಯಪ್ಪ? ನನ್ನ ನಡೆ ನೋಡಿ ಕೆಲಸ ಮಾಡಿದವಳು ಅವಳೊಬ್ಬಳೇ," ಅಂದ ಚಂದ್ರ. "ನನ್ನ ದಾರಿ ದಿನದಿನಕ್ಕೂ ತಗ್ಗಿಗೆ ಇಳಿಯೋ ದಿನಗಳಲ್ಲಿ, ಹೊತ್ತು ಮುಳುಗೋ ವೇಳೆಗೆ, ಆ ನೀರಲ್ಲಿ ಹುಲ್ಲಿನ ಕಟ್ಟು ಅದ್ದಿ ನೆಲಕ್ಕೆ ಚಿಮುಕಿಸೋಳು. 'ಮಾವ, ನೀನು ಇಳಿವಾಗ ನೆಲ ಉಸಿರು ಒಳಕ್ಕೆ ಎಳ್ಕೊಳ್ಳುತ್ತೆ' ಅನ್ನೋಳು. ಮಾತು ಚೆನ್ನಾಗಿತ್ತು. ನಾನೂ ಒಪ್ಪಿದೆ."

ಬೆಳಿಗ್ಗೆ ದ್ಯಾವಣ್ಣ ಕೊಟ್ಟಿಗೆಯ ಮೂಲೆ ಕೆದಕಿದ. ಎರೆಹುಳ ತಲೆ ಹಾಕಿತು. ಅಥವಾ ಬಾಲ. ಅವನಿಗೆ ಗೊತ್ತಾಗಲಿಲ್ಲ.

"ಎರೆಹುಳ, ಸಾಕವ್ವ ಏನು ಮಾಡ್ತಿದ್ದಳು? ನಾನು ಆ ತುದಿಯಲ್ಲಿದ್ದೆ. ನೋಡಲಿಲ್ಲ."

"ಚಳಿ ಶುರುವಾದಾಗ ಇಲ್ಲಿ ಒಂದು ಸೋರೆ ಬುರುಡೆ ಹೂಳೋಳು ಅಣ್ಣಾ. ಒಳಗೆ ಕೌಲಿಯ ಸಗಣಿ. ಚಳಿ ಹೋದ ಮೇಲೆ ತೆಗೆಯೋಳು. ಹೂಳುವಾಗ ನಾತ. ತೆಗೆಯುವಾಗ ಕಾಡಿನ ನೆಲದ ವಾಸನೆ. ಅದರದೇ ಚಿಟಿಕೆ ಅವಳು ನೀರಿಗೆ ಹಾಕ್ತಿದ್ದದ್ದು."

"ಅಷ್ಟೇ ತಾನೆ? ನಾನೂ ಹೂಳ್ತೀನಿ."

"ಹೂಳು. ಆದರೆ ಬೆಚ್ಚಗಿರಬೇಕು. ತಣ್ಣಗಾದರೆ ಮಾಗಲ್ಲ, ಕೊಳೆಯುತ್ತೆ. ಚಳಿಗಾಲವೆಲ್ಲ ಮೇಲಿಂದ ಬಿಸುಪು ಬರ್ತಿತ್ತು. ಎಲ್ಲಿಂದ ಅಂತ ಕೇಳಬೇಡ. ನನಗೆ ಕಣ್ಣಿಲ್ಲ."

ದ್ಯಾವಣ್ಣ ಆ ಮೂಲೆಯನ್ನು ನೋಡಿದ.

ಪ್ರತಿ ಚಳಿಗಾಲ ಸಾಕವ್ವ ಚಾಪೆ ಎತ್ತಿಕೊಂಡು ಕೊಟ್ಟಿಗೆಗೆ ಹೋಗಿ ಮಲಗುತ್ತಿದ್ದಳು. ಇದೇ ಮೂಲೆಯಲ್ಲಿ. ಯಾಕೆ ಅಂದರೆ "ನಿನ್ನ ಗೊರಕೆಗೆ ಹೊಳೆಯೇ ಎದ್ದು ಕೂರುತ್ತೆ, ನನ್ನ ಪಾಡೇನು?" ಅನ್ನುತ್ತಿದ್ದಳು. ಅವನಿಗೆ ಬೇಜಾರಾಗುತ್ತಿತ್ತು. ತನ್ನ ಮೇಲೆ ಏನೋ ಮುನಿಸು ಅಂದುಕೊಳ್ಳುತ್ತಿದ್ದ. ಕೇಳುತ್ತಿರಲಿಲ್ಲ.

ಅವಳು ಮೈ ಬಿಸಿ ಕೊಟ್ಟು ಮಣ್ಣು ಮಾಗಿಸುತ್ತಿದ್ದಳು.

ದ್ಯಾವಣ್ಣ ಅಲ್ಲೇ ಕೂತುಬಿಟ್ಟ. ಬಿಸಿಲು ಮಾಡಿನ ತನಕ ಏರಿತು. ಕೌಲಿ ಹಾಲು ಕರೆ ಅಂತ ಕೂಗಿದಳು. ಅವನು ಏಳಲಿಲ್ಲ.

ಆಮೇಲೆ ಎದ್ದ. ಬುರುಡೆಗೆ ಸಗಣಿ ತುಂಬಿದ. ಹೂಳಿದ. ಅದರ ಮೇಲೆ ಚಾಪೆ ಹಾಸಿದ.

ಆ ಕಾಲದ ಚಳಿಯೂ ಹೊಸದು, ಎಷ್ಟು ಕೊರೆಯಬೇಕು ಅಂತ ಅದಕ್ಕಿನ್ನೂ ತಿಳಿದಿರಲಿಲ್ಲ. ದ್ಯಾವಣ್ಣ ಮೈ ಮುದುಡಿ ಮಲಗಿದ. ಅವನ ಮೈಯಲ್ಲಿ ಬಿಸಿ ಇರಲಿಲ್ಲ. ಸಾಕವ್ವ ಹೋದಂದಿನಿಂದಲೇ ಇರಲಿಲ್ಲ.

ಬೆಳಿಗ್ಗೆ ಎರೆಹುಳ ಹೇಳಿತು: "ಅಣ್ಣಾ, ಬುರುಡೆ ತಣ್ಣಗಿದೆ."

ಮರುದಿನವೂ ಹೇಳಿತು: "ಅಣ್ಣಾ, ಬುರುಡೆ ತಣ್ಣಗಿದೆ."

ದ್ಯಾವಣ್ಣನಿಗೆ ಕೆಮ್ಮು ಹತ್ತಿತು. ಚಾಪೆ ಬಿಡಲಿಲ್ಲ.

ಕೌಲಿ ಎಲ್ಲ ನೋಡುತ್ತಿದ್ದಳು. ಮೆಲುಕು ಹಾಕುತ್ತ ನೋಡುತ್ತಿದ್ದಳು. ಒಂದು ಬೆಳಗಿನ ಜಾವ ಮೆಲುಕು ನಿಲ್ಲಿಸಿದಳು.

"ಏಳು ಅತ್ತ. ನೀನು ಹೀಗೇ ಕೆಮ್ಮಿ ಕೆಮ್ಮಿ ಹೋದರೆ ನನ್ನ ಹಾಲು ಕರೆಯೋರು ಯಾರು?"

"ಇದು ಕೊಳೆತರೆ ಅವರೆ ಹೋಯ್ತು ಕೌಲಿ. ಮತ್ತೆ ಬರಲ್ಲ."

"ಅವರೆ ಒಂದೇನಾ?"

ದ್ಯಾವಣ್ಣ ಚಾಪೆಯ ಅಂಚನ್ನು ಇನ್ನಷ್ಟು ಒತ್ತಿ ಹಿಡಿದ.

"ಅವಳು ದಿನಾ ನನ್ನ ಕೋಡಿನ ಬುಡ ತುರಿಸೋಳು," ಅಂದಳು ಕೌಲಿ. "ನೀನು ಒಂದು ದಿನ ತುರಿಸಿದ್ದೀಯಾ?"

ದ್ಯಾವಣ್ಣ ಎದ್ದು ಬಂದು ತುರಿಸಿದ. ಕೋಡು ತಣ್ಣಗಿತ್ತು, ಕಲ್ಲಿನ ಹಾಗೆ.

"ಇನ್ನೂ ಕೆಳಗೆ. ಇನ್ನೂ. ಹಾಂ, ಅಲ್ಲಿ." ಕೌಲಿ ಕಣ್ಣು ಮುಚ್ಚಿದಳು. "ನೋಡು, ನನ್ನ ಹೊಟ್ಟೆಯಲ್ಲಿ ಒಲೆ ಇದೆ. ದಿನವೆಲ್ಲ ಮೆಲುಕು ಹಾಕೋದು ಸುಮ್ಮನೆ ಅಂದ್ಕೊಂಡೆಯಾ? ಚಾಪೆ ತೆಗಿ."

ಚಾಪೆ ತೆಗೆದ. ಕೌಲಿ ಬಂದು ಆ ಮೂಲೆಯಲ್ಲಿ ಮಲಗಿದಳು. ತಲೆ ಓರೆ ಮಾಡಿ ಬಲಗೋಡನ್ನು ಮಣ್ಣಿಗೆ ಒತ್ತಿದಳು. ಬುಡದ ತನಕ ಇಳಿಸಿದಳು. ಆಮೇಲೆ ಮೆಲುಕು ಹಾಕಿದಳು. ಹಾಕುತ್ತಲೇ ಇದ್ದಳು.

ಹೊಟ್ಟೆಯ ಬಿಸಿ ಕತ್ತಿಗೆ ಬಂತು. ಕತ್ತಿನಿಂದ ತಲೆಗೆ ಬಂತು. ತಲೆಯಿಂದ ಕೋಡಿಗೆ ಇಳಿಯಿತು. ಕೋಡಿನ ಸುತ್ತ ಮಣ್ಣು ಹಬೆಯಾಡಿತು.

ಎರೆಹುಳ ಮೇಲೆ ಬಂತು. "ಬಿಸಿ ಬಂತು ಅಣ್ಣಾ! ಆದರೆ ತಡವಾಯ್ತು. ಬುರುಡೆ ಕೊಳೆತು ಒಡೆದಿದೆ. ಇನ್ನು ಸಗಣಿ ಇಡೋಕೆ ಏನೂ ಇಲ್ಲ."

ದ್ಯಾವಣ್ಣನ ಮುಖ ಬಾಡಿತು. ಕೌಲಿ ಅದನ್ನು ನೋಡಿದಳು. ಕಾಲೂರಿ ಎದ್ದು ತಲೆ ಎಳೆದಳು. ಕೋಡು ಬರಲಿಲ್ಲ, ಬಿಸಿಗೆ ಹಿಗ್ಗಿ ಮಣ್ಣಿನಲ್ಲಿ ಕಚ್ಚಿಕೊಂಡಿತ್ತು. ಇನ್ನೊಮ್ಮೆ ಎಳೆದಳು. ಜೋರಾಗಿ ಎಳೆದಳು.

ಅವರೆ ಹಿತಕಿದ ಹಾಗೆ ಆಯಿತು. ಬಿಸಿಗೆ ಮೆತ್ತಗಾಗಿದ್ದ ಒಳಗಿನ ತಿರುಳು ಜಾರಿ ಆಚೆ ಬಂತು. ಹೊರಗಿನ ಚಿಪ್ಪು ಮಣ್ಣಿನಲ್ಲೇ ನಿಂತಿತು. ಬಾಯಿ ಮೇಲೆ, ಮೊನೆ ಕೆಳಗೆ, ಹಬೆಯಾಡುತ್ತ.

ಕೌಲಿಯ ತಲೆಯ ಮೇಲೆ ಕೆಂಪಗೆ, ಹಸಿಯಾಗಿ, ಒಂದು ಗೂಟದಷ್ಟು ತಿರುಳು ಉಳಿದಿತ್ತು. ಕಿವಿಯ ಹಿಂದೆ ರಕ್ತ ಇಳಿಯಿತು.

"ಅಯ್ಯೋ ಕೌಲೀ!" ದ್ಯಾವಣ್ಣ ಬೂದಿ ತರಲು ಓಡಿದ.

"ಬೂದಿ ಆಮೇಲೆ!" ಕೌಲಿ ಅಡ್ಡ ಬಂದು ನಿಂತಳು. "ಮೊದಲು ಸಗಣಿ ತುಂಬು. ಬಿಸಿ ಆರುತ್ತೆ."

ದ್ಯಾವಣ್ಣ ಅಳುತ್ತ ತುಂಬಿದ. ಬಾಯಿಗೆ ಮಣ್ಣು ಮೆತ್ತಿದ. ಮೇಲೆ ತರಗೆಲೆ ಹೊದೆಸಿದ. ಆಮೇಲೆ ಕೌಲಿಯ ಗಾಯಕ್ಕೆ ಬೂದಿ ಒತ್ತಿ, ಅವಳ ಕತ್ತು ತಬ್ಬಿಕೊಂಡು ನಿಂತ. ಇಷ್ಟು ದಿನ ಅವನು ಅತ್ತಿರಲಿಲ್ಲ. ಕೌಲಿ ಸುಮ್ಮನೆ ನಿಂತು ಅಳಗೊಟ್ಟಳು.

ಆ ಚಳಿಗಾಲವೆಲ್ಲ ಅವನು ಬೇರೇನೂ ಮಾಡಲಿಲ್ಲ. ಅವಳಿಗೆ ಹುಲ್ಲು ಹಾಕಿದ, ನೀರು ಕೊಟ್ಟ, ಗಾಯ ಒರೆಸಿದ. ದಿನ ಕಳೆದ ಹಾಗೆ ತಿರುಳಿನ ಮೇಲೆ ತೆಳ್ಳಗೆ ಹೊಸ ಚಿಪ್ಪು ಬಂತು. ಹೊರಗಿನ ಚಿಪ್ಪು ಮಣ್ಣಿನ ಪಾಲು, ಒಳಗಿನ ಬಿಸಿ ತನ್ನ ಪಾಲು ಅಂತ ಕೋಡೇ ತೀರ್ಮಾನ ಮಾಡಿಕೊಂಡಿತ್ತು. ಬಲದ ಕೋಡನ್ನು ನೋಡಿ ಎಡದ್ದೂ ಹಾಗೇ ಆಯಿತು. ಮುಂದೆ ಹುಟ್ಟಿದ ಕರುಗಳಿಗೂ ಹಾಗೇ ಬಂತು.

ಚಳಿ ಹೋಯಿತು. ಬೇವು ಚಿಗುರಿತು. ದ್ಯಾವಣ್ಣ ತರಗು ಸರಿಸಿ ಕೋಡನ್ನು ಎತ್ತಿದ. ಅಂಗೈ ಮೇಲೆ ಕೊಡವಿದ.

ಸಗಣಿ ಇರಲಿಲ್ಲ. ಕಪ್ಪಗೆ, ಮೆತ್ತಗೆ, ಪುಡಿಪುಡಿಯಾಗಿ ಏನೋ ಬಿತ್ತು. ಮೂಗಿನ ಹತ್ತಿರ ತಂದ.

ಸಾಕವ್ವನ ಕೈಯ ವಾಸನೆ.

ಇಷ್ಟು ವರ್ಷ ಅದು ಅವಳದೇ ವಾಸನೆ ಅಂದುಕೊಂಡಿದ್ದ. ತುತ್ತು ಕೊಡುವಾಗ, ತಲೆಗೆ ಎಣ್ಣೆ ಒತ್ತುವಾಗ, ಜ್ವರದಲ್ಲಿ ಹಣೆ ಮುಟ್ಟುವಾಗ ಬರುತ್ತಿದ್ದ ವಾಸನೆ. ಕೈ ಮುಚ್ಚಿಕೊಂಡ. ಬಹಳ ಹೊತ್ತು ತೆರೆಯಲಿಲ್ಲ.

ಮಳೆ ಬಂತು. ಚಂದ್ರ ಇಳಿಯುವ ದಿನ, ಹೊತ್ತು ಮುಳುಗುವ ವೇಳೆಗೆ, ದ್ಯಾವಣ್ಣ ಗುಡಾಣದ ನೀರಿಗೆ ಒಂದು ಚಿಟಿಕೆ ಹಾಕಿ ತಿರುಗಿಸಿದ. ಬಲಕ್ಕೆ ತಿರುಗಿಸಿದ. ಗುಂಡಿ ಬಿತ್ತು. ಎಡಕ್ಕೆ ತಿರುಗಿಸಿದ. ಗಾಳಿ ಸೀನಿತು. "ಇವನೂ ಅವಳ ಹಾಗೇ!" ಅಂತ ಬೈದುಕೊಂಡಿತು. ನೆಲಕ್ಕೆ ಚಿಮುಕಿಸಿ ಕೊನೆಯ ಬೊಗಸೆ ಬೀಜ ಹಾಕಿದ.

ಬಳ್ಳಿ ಎದ್ದಿತು. ಈ ಸಲ ಮಾಡು ಹತ್ತಲಿಲ್ಲ. ಎಷ್ಟು ಬೇಕೋ ಅಷ್ಟೇ ಎಲೆ ಬಿಟ್ಟಿತು. ಮಂಜು ಬಿದ್ದ ಮೊದಲ ವಾರ ಹೂ ಬಂತು. ಆಮೇಲೆ ಕಾಯಿ. ಕರೆಯುವ ಮೊದಲೇ ಸಣ್ಣವ್ವ ಹೊಳೆ ದಾಟಿ ಬಂದಳು. ಅವಳ ಹಿಂದೆ ಆಚೆ ದಡದವರೆಲ್ಲ.

ಸಣ್ಣವ್ವ ಬಳ್ಳಿಯ ಕೆಳಗೆ ನಿಂತು ಕಣ್ಣು ಒರೆಸಿಕೊಂಡಳು. ಆಮೇಲೆ, "ಭಾವ, ಇವತ್ತು ಸಾರು ಮಾಡ್ತೀನಿ," ಅಂದಳು.

"ಬೇಡ. ಒಣಗಲಿ. ಬೀಜಕ್ಕೆ."

"ಒಂದು ಹಿಡಿಯಾದರೂ?"

"ಒಂದು ಕಾಳೂ ಬೇಡ. ಒಬ್ಬರ ಮನೆಯಲ್ಲೇ ಇದ್ದದ್ದಕ್ಕೆ ಹೀಗಾಯ್ತು. ಒಬ್ಬರ ಕೈಯಲ್ಲೇ ಇದ್ದದ್ದಕ್ಕೆ ಹೀಗಾಯ್ತು." ಹೊಂಗೆ ಮರದ ಕಡೆ ಕೈ ತೋರಿಸಿದ. "ಬಾ, ಕೂತ್ಕೊ. ಎಲ್ಲರೂ ಕೂತ್ಕೊಳ್ಳಿ. ಮೊದಲು ಗೊಬ್ಬರ ಹೇಗೆ ಮಾಡೋದು ಅಂತ ಹೇಳ್ತೀನಿ."

ಹೊತ್ತು ಮುಳುಗುವ ತನಕ ಹೇಳಿದ. ಹುಟ್ಟಿದಂದಿನಿಂದ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು. ಕಾಯಿ ಒಣಗಿದ ಮೇಲೆ ಮನೆಗೊಂದು ಹಿಡಿ ಬೀಜ ಕೊಟ್ಟ. ಅವರೆ ಹೊಳೆ ದಾಟಿ ಲೋಕವೆಲ್ಲ ಹಬ್ಬಿತು.

ಅದಕ್ಕೇ ಮಗು, ಹಸು ಹೋದ ಮೇಲೆ ಕಳಚಿದ ಕೋಡು ನೋಡಿದರೆ ಒಳಗೆ ಟೊಳ್ಳು, ಮಣ್ಣಿಗೆ ಅಂತ ಖಾಲಿ ಬಿಟ್ಟಿರುತ್ತದೆ. ಬದುಕಿರುವ ಹಸುವಿನ ಕೋಡಿನ ಬುಡವನ್ನು ಚಳಿಗಾಲದ ಬೆಳಿಗ್ಗೆ ಮುಟ್ಟಿದರೆ, ಎಷ್ಟೇ ಮಂಜು ಸುರಿಯುತ್ತಿರಲಿ, ಇವತ್ತಿಗೂ ನಿನ್ನ ಕೈಗೆ ಬೆಚ್ಚಗೆ ತಗಲುತ್ತದೆ.