ಕೊಡಹು ದಿಬ್ಬ

ಉತ್ತರ ಕನ್ನಡದ ಕರಾವಳಿಯ ಮುಂಡಗೇರಿಯಲ್ಲಿ, ಕಡಲಿಗೂ ಊರಿನ ಸಿಹಿನೀರ ಬಾವಿಗೂ ನಡುವೆ ಉದ್ದನೆಯ ಮರಳ ದಿಬ್ಬವೊಂದಿದೆ. ಈಗ ಅದು ಅರಣ್ಯ ಇಲಾಖೆಯ ರಕ್ಷಿತ ಜಾಗ. ಚಳಿಗಾಲದಲ್ಲಿ ಕಡಲಾಮೆಗಳು ಅದರ ಬುಡಕ್ಕೆ ಬಂದು ಮೊಟ್ಟೆಯಿಡುತ್ತವೆ. ನೇರಳೆ ಹೂವಿನ ಅಡಂಬು ಬಳ್ಳಿ ದಿಬ್ಬವನ್ನೆಲ್ಲ ಹೊದ್ದುಕೊಂಡಿದೆ. ನೆತ್ತಿಯ ಮೇಲೆ ದೋಣಿಯ ಹುಟ್ಟೊಂದನ್ನು ನೆಟ್ಟಿದ್ದಾರೆ. ಊರವರು ಇದನ್ನು ಕೊಡಹು ದಿಬ್ಬ ಎನ್ನುತ್ತಾರೆ.

ಹಿಂದೆ ಒಮ್ಮೆ ಇಲ್ಲಿ ಬುದವಂತಿ ಎಂಬ, ಮೀನುಗಾರ ಹರಿಕಂತ್ರರ ಹೆಂಗಸಿದ್ದಳು. ಮೀನು ಒಣಗಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಒಂದು ವರ್ಷ ತಾರ್ಲೆ ಮೀನು ಎಷ್ಟು ಬಿತ್ತೆಂದರೆ ಹರಡಲು ಜಾಗ ಸಾಲಲಿಲ್ಲ. ದಿಬ್ಬದ ಮೇಲೆ ಬಿಸಿಲೂ ಗಾಳಿಯೂ ಚೆನ್ನಾಗಿದ್ದವು. ಅಡ್ಡವಿದ್ದುದು ಬಳ್ಳಿ ಮಾತ್ರ. ಸೆರಗು ಬಿಗಿದು ಬಳ್ಳಿಗೆ ಮೊದಲು ಕೈಹಾಕಿದವಳು ಬುದವಂತಿಯೇ. ಉಳಿದವರೂ ಕಿತ್ತರು. ಮೀನು ಗರಿಗರಿಯಾಗಿ ಒಣಗಿತು. ಮೀನಿಗೆ ಅಂಟಿದ ಮರಳು ಬುಟ್ಟಿಯಲ್ಲಿ ಮನೆ ಸೇರಿತು. ಬಳ್ಳಿಯ ಹಿಡಿತ ತಪ್ಪಿದ ಮರಳನ್ನು ಗಾಳಿ ಅಂಗಳಕ್ಕೆ ತಂದು ಸುರಿಯಿತು. ದಿನಾ ಗುಡಿಸಿ ಹಿತ್ತಲಿಗೆ ಎಸೆಯುತ್ತಿದ್ದ ಬುದವಂತಿಗೆ ಅದು ಬರೀ ಕಸವಾಗಿತ್ತು. ಮೂರನೆಯ ಮಳೆಗಾಲದಲ್ಲಿ, ಅಮಾವಾಸ್ಯೆಯ ಉಬ್ಬರಕ್ಕೆ ಅಲೆಗಳು ತಗ್ಗಿದ ದಿಬ್ಬವನ್ನು ದಾಟಿ ಬಾವಿಗಿಳಿದವು. ಎಂಟು ದಿನದ ಬಾಣಂತಿಯಾಗಿದ್ದ ಅವಳ ಮಗಳು ಒಂದು ಗುಟುಕು ಬಾಯಿಗಿಟ್ಟು ಉಗುಳಿದಳು. ಊರಿಗಿದ್ದುದು ಅದೊಂದೇ ಬಾವಿ.

ಎರಡು ವರ್ಷ ಹೊಳೆಯಾಚೆಯಿಂದ ದೋಣಿಯಲ್ಲಿ ನೀರು ತಂದರು. ಬಾವಿಯ ನೀರನ್ನು ಬಳಿದು ಬಳಿದು ಚೆಲ್ಲಿ, ಮಳೆನೀರು ಇಳಿದು, ಅಂತೂ ಉಪ್ಪು ಬಿಟ್ಟಿತು. ಇನ್ನೊಮ್ಮೆ ಕಡಲು ಒಳನುಗ್ಗಿದರೆ ಊರು ಬಿಡುವುದೆಂದು ಹಿರಿಯರು ತೀರ್ಮಾನಿಸಿದರು. ಬುದವಂತಿ ದಿಬ್ಬದ ನೆತ್ತಿಯಲ್ಲಿ ಮುರಿದ ಹುಟ್ಟೊಂದನ್ನು ನೆಟ್ಟು, ಮೊದಲು ಮರಳಿದ್ದ ಎತ್ತರಕ್ಕೆ ತೆಂಗಿನ ನಾರಿನ ಹಗ್ಗ ಸುತ್ತಿದಳು. ಹಗ್ಗ ಅವಳ ಎದೆಮಟ್ಟಕ್ಕಿತ್ತು. ಮಾರನೆಯ ದಿನದಿಂದ ಹಿತ್ತಲಿನ ಮರಳನ್ನು ಹೊತ್ತು ತಂದು ಸುರಿಯತೊಡಗಿದಳು.

“ಕಸ ಹೊತ್ತು ಕಡಲಿಗೆ ಕಟ್ಟೆ ಕಟ್ತ್ಯೇನೇ, ಬುದವಂತಕ್ಕಾ?” ಎಂದು ನೆರೆಮನೆಯ ಸೋಮಿ ನಕ್ಕಳು.

“ಬಳ್ಳಿ ಕೀಳುವಾಗ ನನ್ನ ಬೆನ್ನಿಗೇ ಇದ್ದ್ಯಲ್ಲೇ ಮಾರಾಯ್ತಿ! ಈಗ್ಲೂ ಬಾ, ಬುಟ್ಟಿ ತಕ್ಕಂಡು.”

ಸೋಮಿ ಬಂದಳು. ನಿಧಾನವಾಗಿ ಉಳಿದವರೂ ಬಂದರು. ಮಳೆ ಹಿಡಿದಾಗ ಬಳ್ಳಿಯ ತುಂಡುಗಳನ್ನು ಊರಿದರು. ಮೀನು ಹರಡಲು ದಿಬ್ಬದ ಹಿಂದೆ ಬಿದಿರಿನ ತಟ್ಟಿ ಕಟ್ಟಿದರು. ದಡದಿಂದ ಬರುವ ಪ್ರತಿ ಬುಟ್ಟಿಯನ್ನೂ ದಿಬ್ಬದ ಮೇಲೆ ಕೊಡಹಿಯೇ ಮನೆಗೆ ಒಯ್ಯಬೇಕೆಂದು ಕಟ್ಟುಪಾಡು ಮಾಡಿಕೊಂಡರು. ಹುಟ್ಟು ನೆಟ್ಟ ಒಂಬತ್ತನೆಯ ವರ್ಷ, ಹಿಂದೆಂದೂ ಕಾಣದ ಉಬ್ಬರ ಬಂದಿತು. ಅದು ಇಳಿದ ಮೇಲೆ ಹೆಂಗಸರೆಲ್ಲ ಬಾವಿಯ ಸುತ್ತ ನೆರೆದರು. ಕೊಡ ಇಳಿಸಲು ಬುದವಂತಿಗೆ ಕೈ ಬರಲಿಲ್ಲ. ಸೋಮಿಯೇ ಸೇದಿ ಕುಡಿದಳು. ಇನ್ನೊಂದು ಬೊಗಸೆ ಕುಡಿದಳು.

“ಹೇಳೇ, ಜೀವ ತಿನ್ನಬೇಡ!” ಎಂದಳು ಬುದವಂತಿ.

“ತಡಿಯೇ ಅಕ್ಕಾ, ಸಿಹಿನೀರು ಕುಡಿಯುವಾಗ ಮಾತಾಡ್ಸ್ಬೇಡ.”

ಬುದವಂತಿ ಬಾವಿಕಟ್ಟೆಯ ಮೇಲೆ ಕುಸಿದು ಕೂತು, ಸೆರಗು ಬಾಯಿಗೊತ್ತಿ ಅತ್ತಳಂತೆ, ನಕ್ಕಳಂತೆ.

ಹುಟ್ಟಿನ ಮರ ಕೊಳೆತು ಲಡ್ಡಾದಾಗಲೆಲ್ಲ ಊರವರು ಹಳೆಯ ಹಗ್ಗದವರೆಗೆ ಮರಳು ತೋಡಿ, ಅದೇ ಎತ್ತರಕ್ಕೆ ಹಗ್ಗ ಸುತ್ತಿದ ಹೊಸ ಹುಟ್ಟನ್ನು ನೆಡುತ್ತಾರೆ. ಆಮೆ ನೋಡಲು ಬಂದವರು ಇಂದಿಗೂ ದಿಬ್ಬದ ಅಂಚಿನಲ್ಲಿ ನಿಂತು ಚಪ್ಪಲಿ ಕೊಡಹಿ ಹೋಗುತ್ತಾರೆ. ಬುದವಂತಿಯ ಹಗ್ಗ ಎಲ್ಲಿ ಎಂದು ಕೇಳಿದರೆ ಊರವರು ಮರಳ ಕಡೆಗೆ ಕೈತೋರಿಸುತ್ತಾರೆ. ಅದು ಮೊಣಕಾಲುದ್ದ ಆಳದಲ್ಲಿದೆ.