ತೊಗಲಿನ ಕರು

ಮಠದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಶಿಷ್ಯ ಗುರುಪಾದ ಕೇಳಿದ:

“ಗುರುಗಳೇ, ಇವತ್ತು ಮಕ್ಕಳಿಗೆ ‘ಕನ್‌ಫ್ಯೂಸ್’ ಎಂಬ ಕ್ರಿಯಾಪದದ ಅರ್ಥ ಬರೆಸಿದೆ. ಏನೂ ತೋಚದಂತೆ ಮಾಡುವುದು ಒಂದು. ಒಂದನ್ನು ಇನ್ನೊಂದೆಂದು ತಿಳಿಯುವುದು ಮತ್ತೊಂದು. ನಿನ್ನೆ ಸಂತೆಯಲ್ಲಿ ಹಿಂದಿನಿಂದ ಯಾರೋ ಕೆಮ್ಮಿದರು. ತೀರಿಹೋದ ನನ್ನ ಅವ್ವನೇ ಎಂದು ತಿರುಗಿದೆ. ಯಾರೋ ಮುದುಕಿ. ಆದರೂ ಬಿಟ್ಟು ಬರಲಾಗಲಿಲ್ಲ. ಆಕೆಯ ಚೀಲ ಹೊತ್ತು ಮನೆ ಮುಟ್ಟಿಸಿದೆ. ನನಗಾದದ್ದು ಯಾವ ಅರ್ಥ?”

ಗುರುಗಳು ಹೇಳಿದರು:

ಒಬ್ಬ ಗೌಳಿಯ ಹಸುವಿನ ಕರು ಸತ್ತಿತು. ಕರು ಕಾಣದೆ ಹಸು ಸೊರೆ ಬಿಡಲಿಲ್ಲ, ಹಾಲು ಇಳಿಸಲಿಲ್ಲ. ಪಕ್ಕದ ಮನೆಯಲ್ಲಿ ತಾಯಿ ಸತ್ತ ಕೂಸೊಂದಿತ್ತು. ಆ ಹಟ್ಟಿಯಲ್ಲಿ ಹಾಲಿದ್ದ ಹಸು ಅದೊಂದೇ. ಗೌಳಿ ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸಿದ. ಹಸು ಅದನ್ನು ನೆಕ್ಕಿತು. ಹಾಲು ಇಳಿಯಿತು.

ಗೌಳಿಯ ಹೆಂಡತಿಗೆ ಮಾತ್ರ ಅದನ್ನು ನೋಡಲಾಗುತ್ತಿರಲಿಲ್ಲ. ಹಸು ನೆಕ್ಕುವುದು, ಕೂಗಿ ಕರೆಯುವುದು, ಉತ್ತರಕ್ಕಾಗಿ ಕಿವಿ ನಿಮಿರಿಸಿ ನಿಲ್ಲುವುದು. ಅವಳ ಮನೆಯ ತೊಟ್ಟಿಲೂ ಖಾಲಿಯಾಗಿಯೇ ತೂಗುಬಿದ್ದಿತ್ತು.

“ತೆಗೀರಿ ಅದನ್ನ. ಮೂಕಪ್ರಾಣಿಗೆ ದಿನಾ ಮೋಸ ಮಾಡೋದಾ?” ಎಂದಳು.

“ತೆಗೀತೀನಿ. ಕೂಸಿನ ಅಜ್ಜಿ ಚೊಂಬು ಹಿಡಿದು ಬರ್ತಾಳಲ್ಲ, ಅವಳಿಗೆ ನೀನೇ ಉತ್ತರ ಹೇಳು, ಮಹಾತಾಯಿ,” ಎಂದ ಗೌಳಿ.

ಒಂದು ಬೆಳಿಗ್ಗೆ ಎದ್ದು ನೋಡಿದರೆ ತೊಗಲಿನ ಕರುವನ್ನು ನಾಯಿಗಳು ಎಳೆದೊಯ್ದಿದ್ದವು. ಹಸು ಬರಿಯ ನೆಲವನ್ನು ಮೂಸಿತು. ಆ ಕಡೆ ಈ ಕಡೆ ನೋಡಿ ಕೂಗಿತು. ಹೆಂಡತಿ ಎಷ್ಟು ಎಳೆದರೂ ಹನಿ ಹಾಲು ಬರಲಿಲ್ಲ. ಅಷ್ಟರಲ್ಲಿ ಅಜ್ಜಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಕೂಸು ಹಸಿದು ಅಳುತ್ತಿತ್ತು.

ಹಸುವಿನ ಕಿವಿ ಅತ್ತ ತಿರುಗಿತು.

ಹೆಂಡತಿ ಎದ್ದಳು. ಕೂಸನ್ನು ಇಸಿದುಕೊಂಡು, ಕರು ನಿಲ್ಲುತ್ತಿದ್ದ ಜಾಗದಲ್ಲಿ ಮಲಗಿಸಿದಳು. ಹಸು ಮೂಸಿತು. ತನ್ನ ಕರುವಿನ ವಾಸನೆಯಲ್ಲ. ಬುಸ್ಸೆಂದು ಹಿಂದೆ ಸರಿಯಿತು. ಕೂಸು ಮತ್ತೆ ಅತ್ತಿತು. ಹಸು ಕತ್ತು ಚಾಚಿ ಅದರ ಪುಟ್ಟ ಪಾದವನ್ನು ನೆಕ್ಕಿತು. ಹೆಂಡತಿ ಕೈ ಹಾಕುವ ಮೊದಲೇ ಹಾಲು ತೊಟ್ಟಿಕ್ಕತೊಡಗಿತ್ತು.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಹಸು ಕೂಸನ್ನೇ ಕರು ಅಂದುಕೊಂಡಿತೇ?” ಎಂದ ಶಿಷ್ಯ.

“ಅದು ತೀರ್ಮಾನವಾಗಲಿ ಎಂದು ಹಸು ಕಾದಿದ್ದರೆ, ಕೂಸು ಉಳಿಯುತ್ತಿರಲಿಲ್ಲ.”