ಆಮೆ ಬಾಗಿಲ ಕಡೆ ಹೊರಟಿತು

ಹೊಸ ಕಾರು ಕೊಳ್ಳಲು ಬಂದ ಆಮೆಯನ್ನು ಷೋರೂಮಿನ ನರಿ ಅವಸರಪಡಿಸಿತು: "ಯಜಮಾನರೇ, ರಾಹುಕಾಲ ಬರುವ ಮೊದಲು ಸಹಿ ಹಾಕಿಬಿಡಿ. ಸೀಟ್ ಕವರು, ವಿಮೆ ಎಲ್ಲ ನಮ್ಮಲ್ಲೇ ಕೊಳ್ಳಬೇಕು. ಅದು ನಿಯಮ."

"ಹಾಗಾದರೆ ನಿಮ್ಮ ಕಾರು ಬೇಡ, ಬರುತ್ತೇನೆ" ಎಂದು ಆಮೆ ಬಾಗಿಲ ಕಡೆ ಹೊರಟಿತು.

ಹೊರಟಿತು ಅಂದರೆ, ಆಮೆ ಹೊರಡುವ ಹಾಗೆ ಹೊರಟಿತು. ಒಂದು ಹೆಜ್ಜೆ ಎತ್ತಿ ಇಡುವಷ್ಟರಲ್ಲಿ ನರಿ ಹಿಂದೆಯೇ ಓಡಿಬಂದಿತು. "ಸೀಟ್ ಕವರು ಪುಕ್ಕಟೆ!" ಎಂದಿತು. ಆಮೆ ಇನ್ನೊಂದು ಹೆಜ್ಜೆ ಇಟ್ಟಿತು. "ವಿಮೆ ಎಲ್ಲಾದರೂ ಮಾಡಿಸಿಕೊಳ್ಳಿ!" ಎಂದಿತು ನರಿ. ಬಾಗಿಲು ಇನ್ನೂ ದೂರವಿತ್ತು. ಕಡೆಗೆ ನರಿ ಅಡ್ಡ ಬಿದ್ದು, "ನಿಯಮವನ್ನೆಲ್ಲ ಬಿಟ್ಟೆನಲ್ಲ ಸ್ವಾಮೀ, ಇನ್ನೇನಿದೆ?" ಎಂದು ಗೋಳಿಟ್ಟಿತು.

"ರಾಹುಕಾಲ ಇದೆಯಲ್ಲ?" ಎಂದಿತು ಆಮೆ.

"ಇವತ್ತು ಅದಕ್ಕೂ ರಜಾ!"

ಆಗ ಆಮೆ ನಿಧಾನವಾಗಿ ಹಿಂದಕ್ಕೆ ತಿರುಗಿತು.